ಓನರ್ ಅಮ್ಮನ ಸೊಸೆಗೂ ನಾರ್ಮಲ್ಲು

ನಾನು ಏನು ಕೆಲಸ ಮಾಡ್ತೀನಿ ಅಂತ ಬಾಯಿ ಬಿಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ಸುಮ್ಮನಿರೋಣ ಅಂದ್ರೆ ಜನ ಬಿಡಬೇಕಲ್ಲ!

ಒಂಬತ್ತನೇ ತಿಂಗಳು

ಹೆಬ್ಬಗೋಡಿಯಲ್ಲಿ ಬಾಡಿಗೆಗೆ ಬಂದ ದಿನವೇ ಓನರ್ ಅಮ್ಮ ಕೇಳಿದರು, "ಏನ್ ಕೆಲ್ಸ ಸಾರ್?"

"ನಾರ್ಮಲೈಸೇಷನ್ ಅಮ್ಮ."

ಕೈ ಮುಗಿದೇಬಿಟ್ಟರು. "ದೇವ್ರೇ ಕಳ್ಸ್‌ದಂಗೆ ಬಂದ್ರಿ! ನಮ್ ಸೊಸೆಗೆ ಒಂಬತ್ತನೇ ತಿಂಗ್ಳು. ಡಾಕ್ಟ್ರು ಕೊಯ್ಬೇಕು ಅಂತಾವ್ರೆ. ನೀವೇ ನಾರ್ಮಲ್ ಮಾಡ್ಕೊಟ್‌ಬುಡಿ!"

ನಾನು ಬಿಡಿಸಿ ಹೇಳಿದೆ. ಒಂದೇ ಪರೀಕ್ಷೆ, ಬೆಳಿಗ್ಗೆ ಕೆಲವರಿಗೆ ಒಂದು ಪೇಪರ್, ಮಧ್ಯಾಹ್ನ ಉಳಿದವರಿಗೆ ಇನ್ನೊಂದು ಪೇಪರ್. ಯಾವುದು ಸುಲಭ, ಯಾವುದು ಕಷ್ಟ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಮಾರ್ಕ್ಸ್ ಸರಿದೂಗಿಸ್ತೀವಿ.

ಎಲ್ಲಾ ಕೇಳಿಸಿಕೊಂಡು ಅಂದರು, "ಏನಾರ ಮಾಡಿ ಸಾರ್, ಬೆಳಿಗ್ಗೇನೇ ಆಗ್ಲಿ."

ಯಾರು ಹೇಳಿದ್ದು?

ನನ್ನ ಹೆಂಡತಿ ಸರ್ಕಾರಿ ಫ್ಯಾಕ್ಟರಿ ಕೆಲಸಕ್ಕೆ ಎರಡು ವರ್ಷ ಓದಿ ಪರೀಕ್ಷೆ ಬರೆದಿದ್ದಳು. ಅವಳು ಬರೆದಿದ್ದಾಳೆ ಅಂತ ಆಫೀಸಲ್ಲಿ ನನ್ನನ್ನು ಆ ಪರೀಕ್ಷೆಯ ಲೆಕ್ಕದ ಕಡೆ ಸುಳಿಯೋಕೂ ಬಿಡಲಿಲ್ಲ. ಆದರೆ ಫಾರ್ಮುಲಾ ಮಾತ್ರ ಹಿಂದೆಯೇ ನಾನು ಬರೆದಿಟ್ಟಿದ್ದು.

ಎಪ್ಪತ್ತೊಂದು ಬಂದರೆ ಕೆಲಸ. ಅವಳಿಗೆ ಎಪ್ಪತ್ತೆರಡು ಬಂತು. ನಾರ್ಮಲೈಸ್ ಆದ ಮೇಲೆ ಎಪ್ಪತ್ತೂವರೆ!

"ಯಾಕ್ರೀ ಕಮ್ಮಿ ಆಯ್ತು?"

"ನಿನ್ನ ಬೆಳಗಿನ ಪೇಪರ್ ಸುಲಭ ಇತ್ತಂತೆ."

"ಯಾರು ಹೇಳಿದ್ದು?"

"ಫಾರ್ಮುಲಾ."

"ಅದನ್ನ ಬರೆದೋರು?"

ನಾನು ಎದ್ದು ಫ್ಯಾನ್ ಸ್ಪೀಡ್ ಜಾಸ್ತಿ ಮಾಡಿದೆ.

ಒಂದೂಮುಕ್ಕಾಲು

ಭಾನುವಾರ ಮಧ್ಯಾಹ್ನ ಊಟಕ್ಕೆ ಎರಡು ಮುದ್ದೆ ಕೇಳಿದೆ. ಒಂದೂಮುಕ್ಕಾಲು ಬಡಿಸಿದಳು.

"ಇದೇನೇ?"

"ಇವತ್ತಿನ ಮುದ್ದೆ ನುಂಗೋಕೆ ಸುಲಭ ಕಣ್ರೀ. ನಾರ್ಮಲೈಸ್ ಮಾಡಿದೀನಿ."

ಕಡೆಗೂ ನಾರ್ಮಲ್

ಮುದ್ದೆ ಇನ್ನೂ ಗಂಟಲಲ್ಲಿರುವಾಗಲೇ ಓನರ್ ಅಮ್ಮ ಜಿಲೇಬಿ ಹಿಡಿದು ಓಡಿ ಬಂದರು. "ನಾರ್ಮಲ್ ಆಯ್ತು ಸಾರ್! ಹೆಣ್ಮಗು! ಬೆಳಿಗ್ಗೇನೇ! ಎಲ್ಲಾ ನಿಮ್ ಕೈಗುಣ!"

ನನ್ನದೇನೂ ಇಲ್ಲ ಅಂದರೆ ಕೇಳಬೇಕಲ್ಲ. ನನ್ನ ಬಾಯಿಗೆ ಜಿಲೇಬಿ ತುರುಕಿ, ಹೆಂಡತಿಯ ಊದಿದ ಕಣ್ಣು ನೋಡಿ, "ಯಾಕವ್ವಾ?" ಅಂದರು. ಅವಳು ಬಿಕ್ಕುತ್ತಾ ಎಲ್ಲ ಹೇಳಿದಳು. ಪಾಪ, ಎರಡು ವರ್ಷದ ಓದು. ನನಗೂ ಸಂಕಟವಾಯಿತು.

ಓನರ್ ಅಮ್ಮ ಕೆನ್ನೆ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಶಿವನೇ! ನಮ್ ಸೊಸೆಗೆ ನಾರ್ಮಲ್ ಮಾಡ್‌ಬುಟ್ಟು, ಸ್ವಂತ ಹೆಂಡ್ತಿಗೇ ಕೊಯ್ದಾಕ್‌ಬುಟ್ರಲ್ಲಾ ಸಾರ್!"