ನೆರಳು ತಪ್ಪಿದ ಎಲೆಡಬ್ಬಿ

ಇಡೀ ಲಿಂಗಸುಗೂರಿನಲ್ಲಿ ನಮ್ಮ ಸೋದರಮಾವನಷ್ಟು ದುಡಿದವರು ಯಾರೂ ಇರಲಿಲ್ಲ. ಅವನಷ್ಟು ಕಡಿಮೆ ಕೆಲಸ ಮುಗಿಸಿದವರೂ ಇರಲಿಲ್ಲ! ಇದು ನನ್ನ ಮಾತಲ್ಲ, ನಮ್ಮತ್ತೆಯ ಮಾತು. ಮೂವತ್ತು ವರ್ಷ ಅವನೊಂದಿಗೆ ಬಾಳಿದವಳು ಹೇಳಿದ್ದನ್ನು ಸುಳ್ಳೆನ್ನಲು ನಾನ್ಯಾರು?

ಆಗ ನಿಜಾಮರ ಕಾಲ. ಮಾವ ಕಸುಬಿನಿಂದ ಪತ್ತಾರ. ಉಳಿದ ಪತ್ತಾರರು ಮೂಗುತಿ, ಕಾಲುಂಗುರ ಮಾಡಿ ಹೊಟ್ಟೆ ಹೊರೆಯುತ್ತಿದ್ದರೆ ಇವನಿಗೆ ನಕಾಶಿಯ ಹುಚ್ಚು. ಬೆಳ್ಳಿ, ತಾಮ್ರದ ಮೇಲೆ ಸಣ್ಣ ಚಾಣದಿಂದ ಬಳ್ಳಿ ಕೆತ್ತುವುದು. ಬಳ್ಳಿ ಸುಮ್ಮನೆ ಹಬ್ಬಿದರೆ ಆಯಿತೇ? ಅದು ಸುತ್ತಿ ಸುತ್ತಿ ಒಳಗೆ ಹೋಗಿ, ತುದಿಯಲ್ಲಿ ಎಲೆ ಬಿಚ್ಚಬೇಕು. ಆ ಎಲೆಯ ಒಂದು ಮಗ್ಗುಲಿಗೆ ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಕೊರೆದು ನೆರಳು ಬಿಡಬೇಕು. ನೆರಳು ಸರಿಯಾಗಿ ಬಿದ್ದರೆ ಎಲೆ ಮೇಲೆದ್ದು ಕಾಣುತ್ತದೆ. ಬೀಳದಿದ್ದರೆ? "ಎತ್ತು ತುಳಿದ ಎಲಿ ಇದ್ದಂಗ ಇರತೈತಿ" ಎನ್ನುತ್ತಿದ್ದ ಮಾವ.

ಈ ನೆರಳಿನ ಸಾಧನೆಗೆ ಅವನಿಗೆ ತಾಮ್ರದ ತಗಡು ಸಾಲುತ್ತಿರಲಿಲ್ಲ. ತಗಡು ಮುಗಿದರೆ ಅತ್ತೆಯ ಸವಟು, ಸವಟು ಮುಗಿದರೆ ಕುಂಬಳಕಾಯಿ. ಒಂದು ದಿನ ಅತ್ತೆ ತಟ್ಟಿಟ್ಟ ಹಸಿ ಜೋಳದ ರೊಟ್ಟಿಯ ಮೇಲೂ ಮೊಳೆ ಹಿಡಿದು ಕೂತುಬಿಟ್ಟ.

"ಏನ್ರೀ ಇದು, ರೊಟ್ಟಿನೋ, ನಿಮ್ಮಪ್ಪನ ಬೆಳ್ಳಿ ತಾಟೋ? ಹಂಚು ಕಾದೈತಿ, ಕೊಡ್ರಿ ಇಲ್ಲೆ!"

"ತಡೀ ಬೇ, ಒಂದ ಎಲಿಗೆ ನೆಳ್ಳು ಬಾಕಿ ಐತಿ."

ಹಾಗೆ ನಾನು ತಿಂದ ಬಳ್ಳಿಗಳೆಲ್ಲ ಚಿಗುರಿದ್ದರೆ ನನ್ನ ಹೊಟ್ಟೆಯಲ್ಲೊಂದು ತೋಟವೇ ಆಗಬೇಕಿತ್ತು!

ಮನೆಯ ಹಿತ್ತಾಳೆ ಚರಗಿಯ ಗತಿ ಇನ್ನೂ ಕೆಟ್ಟದ್ದು. ಅದರ ಮೇಲೆ ಕೆತ್ತುವುದು, ಮನಸ್ಸಿಗೆ ಬಾರದಿದ್ದರೆ ಅರದಿಂದ ಉಜ್ಜಿ ಅಳಿಸುವುದು, ಮತ್ತೆ ಕೆತ್ತುವುದು. ಹೀಗೆ ಉಜ್ಜಿ ಉಜ್ಜಿ ಚರಗಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಪಾಮನಕಲ್ಲೂರಿನಿಂದ ಬಂದ ನೆಂಟರೊಬ್ಬರು ಬೆಳಿಗ್ಗೆ ಎದ್ದು ಅದರಲ್ಲೇ ನೀರು ತುಂಬಿಕೊಂಡು ಹೊಲದ ಕಡೆ ಹೋದರು. ಹೋಗಿ ಕೂರುವಷ್ಟರಲ್ಲಿ ನೀರೆಲ್ಲ ಬಳ್ಳಿಯ ಸಂದಿಯಿಂದ ಸೋರಿಹೋಗಿತ್ತು! ಅವರು ಮತ್ತೆಂದೂ ನಮ್ಮ ಮನೆಯಲ್ಲಿ ವಸ್ತಿ ಉಳಿಯಲಿಲ್ಲ.

ಬರಬರುತ್ತ ಅವನಿಗೆ ಎಲ್ಲೆಲ್ಲೂ ನೆರಳೇ ಕಾಣತೊಡಗಿತು. ಬಜಾರಿನಲ್ಲಿ ಒಮ್ಮೆ ಪೊಲೀಸ್ ಅಮೀನರು ಕುದುರೆಯ ಮೇಲೆ ಬರುತ್ತಿದ್ದರು. ಜನರೆಲ್ಲ ತಲೆ ತಗ್ಗಿಸಿ ಸಲಾಮು ಹೊಡೆದರೆ ಇವನು ನೆಟ್ಟಗೆ ನಿಂತು ಅವರ ಮುಖವನ್ನೇ ದಿಟ್ಟಿಸುತ್ತಿದ್ದ.

"ಕ್ಯಾ ದೇಖ್‌ತಾ ಬೇ?" ಎಂದು ಅಮೀನರು ಗುಡುಗಿದರು.

"ಹುಜೂರ್, ತಮ್ಮ ಮೂಗು ಭಾಳ ಚಲೋ ಐತ್ರಿ. ಸ್ವಲ್ಪ ಈ ಕಡೆ ತಿರುಗಿದ್ರ ನೆಳ್ಳು ಹ್ಯಾಂಗ ಬೀಳತೈತಿ ನೋಡತಿದ್ದೆ."

ಸಂಜೆಯವರೆಗೂ ಅವನನ್ನು ಠಾಣೆಯ ಅಂಗಳದಲ್ಲಿ, ಮರದ ಸರಳುಗಳ ಕಟಾಂಜನದ ಎದುರು ಕೂರಿಸಿದರು. ಮನೆಯಲ್ಲಿ ಅಮ್ಮ, ಅತ್ತೆ ಇಬ್ಬರೂ ಒಲೆ ಹಚ್ಚದೆ ದೇವರ ಮುಂದೆ ಕೂತಿದ್ದರು. ಬಂದವನು ಹೇಳಿದ್ದೇನು? "ಠಾಣೆದ ಕಟಾಂಜನದ ನೆಳ್ಳು ಏನ್ ಛಂದ ಬೀಳತೈತಿ ಅಂತೀನಿ!"

ಇಂಥವನ ಕೈಗೆ ನನ್ನ ಮಾನ ಹೋಗಿ ಬಿತ್ತು. ಅದು ಹೇಗೆಂದರೆ, ನನ್ನ ಲಗ್ನ ಗೊತ್ತಾಯಿತು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಹೋಗಿ, ಅಮ್ಮ ನನ್ನನ್ನು ಕಟ್ಟಿಕೊಂಡು ಅಣ್ಣನ ಮನೆ ಸೇರಿದ್ದಳು. ಮಾವನಿಗೆ ಮಕ್ಕಳಿರಲಿಲ್ಲ. ಗಂಡಿನ ಮನೆ ಮಸ್ಕಿ, ಅವರೂ ಪತ್ತಾರರೇ. ನಮ್ಮ ಕಡೆ ಲಗ್ನದ ಮರುದಿನ ಹೊಸ ಸೊಸೆ ತವರಿನಿಂದ ತಂದ ಬೆಳ್ಳಿಯ ಎಲೆಡಬ್ಬಿ ತೆರೆದು ಹಿರಿಯರಿಗೆಲ್ಲ ಎಲೆ ಅಡಿಕೆ ಕೊಡಬೇಕು. ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಅದನ್ನು ತಿರುಗಿಸಿ ನೋಡಿಯೇ ತವರಿನ ಬೆಲೆ ಕಟ್ಟುತ್ತಾರೆ. ಆ ಮನೆಯ ಹಿರಿಸೊಸೆಯ ಡಬ್ಬಿ ಒಂದು ಕಡೆ ತಗ್ಗಿತ್ತಂತೆ. ಹತ್ತು ವರ್ಷವಾದರೂ ಅವಳನ್ನು "ತಗ್ಗುಡಬ್ಬಿ" ಎಂದೇ ಕರೆಯುತ್ತಿದ್ದರಂತೆ! ಇದನ್ನು ಕೇಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ. ನನ್ನನ್ನು ಏನೆಂದು ಕರೆದಾರು?

ಹಟ್ಟಿಯ ಚಿನ್ನದ ಗಣಿ ನಮಗೆ ಹತ್ತಿರವೇ ಇದ್ದರೂ ಅಲ್ಲಿಂದ ನಮ್ಮ ಮನೆಗೆ ಬಂದದ್ದು ಧೂಳು ಮಾತ್ರ. ಅಮ್ಮ ತನ್ನ ಬೆಳ್ಳಿಯ ಡಾಬು ಬಿಚ್ಚಿ ಕರಗಿಸಲು ಕೊಟ್ಟಳು. ಮಾವ ಅದರಲ್ಲಿ ಮುಚ್ಚಳವಿರುವ ದುಂಡನೆಯ ಡಬ್ಬಿ ಮಾಡಿದ. ಅದು ಎರಡೇ ದಿನದ ಕೆಲಸ. ಮುಂದೆ ನಕಾಶಿ ಇತ್ತಲ್ಲ! ಬೆಳ್ಳಿ ತೆಳು, ಚಾಣ ಒಮ್ಮೆ ಜಾರಿದರೆ ಮುಗಿಯಿತು, ಇನ್ನೊಂದು ಡಾಬು ಅಮ್ಮನ ಹತ್ತಿರ ಇರಲಿಲ್ಲ.

"ಮೊದಲ ಕೈ ಪಳಗಲಿ" ಎಂದ ಮಾವ. ಒಂದು ತಿಂಗಳು ಪಳಗಿತು, ಮೂರು ತಿಂಗಳು ಪಳಗಿತು, ಎಂಟು ತಿಂಗಳು ಪಳಗಿತು! ದಿನವೂ ಎಡಗಡೆಯ ಕಿಟಕಿಯ ಬಳಿ ಕೂತು ತಗಡಿನ ಮೇಲೆ ಬಳ್ಳಿ, ನೆರಳು. ಬೆಳ್ಳಿಯ ಡಬ್ಬಿ ಮಾತ್ರ ಗೂಡಿನಲ್ಲಿ ಬಟ್ಟೆ ಸುತ್ತಿಕೊಂಡು ಬೋಳಾಗಿಯೇ ಕೂತಿತ್ತು. ನಾನು ದಿನಕ್ಕೆ ಹತ್ತು ಸಲ ಬಟ್ಟೆ ಬಿಚ್ಚಿ ನೋಡುತ್ತಿದ್ದೆ, ಏನಾದರೂ ಚಿಗುರಿದೆಯೋ ಎಂದು.

"ಅಣ್ಣಾ, ನೀ ಮಾಡತೀಯೋ ಇಲ್ಲೋ? ಹಂದರ ಹಾಕೋ ದಿನ ಬಂತು!" ಎಂದು ಅಮ್ಮ ಅತ್ತಳು.

"ಫಿಕರ್ ಮಾಡಬ್ಯಾಡ ತಂಗೀ. ನೆಳ್ಳು ಇನ್ನೊಂದೀಟು ಕೂಡಬೇಕು."

ಲಗ್ನಕ್ಕೆ ಮಸ್ಕಿಗೆ ಹೊರಡಲು ನಾಲ್ಕು ದಿನ ಉಳಿದಾಗ ಅತ್ತೆ ಅವನ ತಗಡುಗಳನ್ನೆಲ್ಲ ಬಾವಿಗೆ ಎಸೆದು ಬಂದಳು. ಆಗ ಬೇರೆ ದಾರಿ ಕಾಣದೆ ಮುಚ್ಚಳವನ್ನು ಅಲುಗದಂತೆ ಅರಗಿನ ಮೇಲೆ ಕೂರಿಸಿ ಚಾಣ ಹಚ್ಚಿದ. ಅಬ್ಬಾ, ಅದೆಂಥ ಬಳ್ಳಿ! ಎಲೆಗಳು ಕೈ ಹಾಕಿದರೆ ಕಿತ್ತು ಬರುವಂತಿದ್ದವು. ಆದರೆ ಮುಚ್ಚಳ ಮುಗಿಯುವಷ್ಟರಲ್ಲಿ ಬಂಡಿ ಹೂಡಿಯಾಗಿತ್ತು. ಅಮ್ಮ ಮುಚ್ಚಳವನ್ನು ಟ್ರಂಕಿನೊಳಗೆ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದಳು. ಮಾವ ತಳವನ್ನು, ಅರಗಿನ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂಡಿ ಹತ್ತಿದ. ಉಳಿದದ್ದನ್ನು ಮಸ್ಕಿಯ ಬಿಡದಿಮನೆಯಲ್ಲಿ ಕೂತು ಮುಗಿಸಿದ. ನಾನು ಅರಿಸಿನ ಹಚ್ಚಿಸಿಕೊಳ್ಳುತ್ತಾ ಒಳಗೆ ಕೂತಿದ್ದೆ; ಕಿವಿಯೆಲ್ಲ ಹೊರಗಿನ ಚಾಣದ ಟಿಕ್ ಟಿಕ್ ಮೇಲೆ. ಅದು ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು.

ಅಕ್ಕಿಕಾಳು ಬಿತ್ತು, ಲಗ್ನವಾಯಿತು. ಮರುದಿನ ಬೆಳಿಗ್ಗೆ ಅಮ್ಮ ಟ್ರಂಕಿನಿಂದ ಮುಚ್ಚಳ ತೆಗೆದಳು. ಮಾವ ಅದನ್ನು ತಳದ ಮೇಲೆ ಕೂರಿಸಿದವನೇ ಬಿಳಿಚಿಕೊಂಡ.

"ಯವ್ವಾ, ಹಾಳಾತು!"

ಏನಾಗಿತ್ತು? ಲಿಂಗಸುಗೂರಿನಲ್ಲಿ ಕಿಟಕಿ ಅವನ ಎಡಕ್ಕಿತ್ತು, ಮಸ್ಕಿಯ ಬಿಡದಿಮನೆಯಲ್ಲಿ ಬಾಗಿಲು ಅವನ ಬಲಕ್ಕಿತ್ತು. ಬೆಳಕು ಬಂದ ಕಡೆ ಬಿಟ್ಟು ಆಚೆ ಮಗ್ಗುಲಿಗೆ ನೆರಳು ಬಿಡುವುದನ್ನು ಎಂಟು ತಿಂಗಳು ಕಲಿತ ಕೈ, ಗಾಬರಿಯಲ್ಲಿ ತಾನು ಕಲಿತದ್ದನ್ನೇ ಮಾಡಿತ್ತು. ಮುಚ್ಚಳದ ಎಲೆಗಳಿಗೆ ನೆರಳು ಬಲಕ್ಕೆ, ತಳದ ಎಲೆಗಳಿಗೆ ಎಡಕ್ಕೆ. ಒಂದೇ ಡಬ್ಬಿಗೆ ಎರಡು ಸೂರ್ಯ!

ಮಾವ ನನ್ನ ಕಿವಿಯಲ್ಲಿ ಹೇಳಿದ: "ಎಲಿ ಕೊಡುವಾಗ ಮುಚ್ಚಳ ಒಂದು ಕಡೆ ಇಡು, ತಳ ಒಂದು ಕಡೆ ಇಡು. ಜೋಡಸಬ್ಯಾಡ. ಜೋಡಸಿದ್ರ ಗೊತ್ತಾಗತೈತಿ."

ನಾನು ಹಾಗೆಯೇ ಮಾಡಿದೆ. ಗಂಡನ ಮನೆಯ ಮಾವಂದಿರು, ಅತ್ತೆಯಂದಿರು, ತಗ್ಗುಡಬ್ಬಿ ನೆಗೆಣ್ಣಿ, ಎಲ್ಲರೂ ಎಲೆ ತೆಗೆದುಕೊಂಡರು. ಕೊನೆಗೆ ಡಬ್ಬಿ ನನ್ನ ಗಂಡನ ಅಜ್ಜಿಯ ಕೈಗೆ ಹೋಯಿತು. ಆಕೆ ಮುಚ್ಚಳ ಕೇಳಿ ಪಡೆದು ಟಪ್ಪೆಂದು ಮುಚ್ಚಿದಳು. ತಿರುಗಿಸಿ ನೋಡಿದಳು. "ಛಂದ ಐತಿ" ಎಂದಳು. ಅವರ ಮನೆಯವರದು ಮೂಗುತಿ, ಕಾಲುಂಗುರದ ಕೆಲಸ. ನಕಾಶಿಯ ನೆರಳು ಯಾರಿಗೂ ತಿಳಿಯದು. ನಾನು ಬದುಕಿಕೊಂಡೆ!

ಎಲ್ಲಿ ಬದುಕುವುದು? ನಮ್ಮ ಸೋದರಮಾವ ಎದ್ದು ನಿಂತ.

"ಛಂದ ಎಲ್ಲೈತ್ರಿ ಅಮ್ಮಾ? ನೆಳ್ಳು ತಪ್ಪೈತಿ! ಮ್ಯಾಲೊಂದು ಕಡೆ, ಕೆಳಗೊಂದು ಕಡೆ. ನೋಡ್ರಿ ಎಲ್ಲಾರೂ!"

ಅಮ್ಮ ಗೋಡೆಗೆ ಒರಗಿಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೀಗರೆಲ್ಲ ಡಬ್ಬಿಯ ಸುತ್ತ ಬಗ್ಗಿದರು. ಅಜ್ಜಿ ಮಾತ್ರ, "ಇರ್ಲಿ ಬಿಡಪ್ಪ, ನಡೀತೈತಿ" ಎಂದಳು.

"ನಡಿಯಂಗಿಲ್ರಿ. ತಿದ್ದಬೇಕು. ಡಬ್ಬಿ ನೀವು ಕಳಸೋದು ಬ್ಯಾಡ, ನಾನ ಇಲ್ಲಿಗೆ ಬಂದು ತಿದ್ದತೀನಿ. ಒಂದ ದಿನಕ್ಕ ಆಗೋ ಕೆಲಸ ಅಲ್ಲ. ತಿಂಗಳಿಗೊಮ್ಮೆ... ಅಮಾಸಿಗೊಮ್ಮೆ ಬಂದ್ರ..."

ಅವನ ದನಿ ಒಡೆಯಿತು. ಹೆಣ್ಣು ಕೊಟ್ಟವರು ಕರೆಯದೆ ಬೀಗರ ಹೊಸ್ತಿಲು ತುಳಿಯುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಅಮಾವಾಸ್ಯೆಯ ದಿನ ಪತ್ತಾರರು ಹತ್ಯಾರ ಮುಟ್ಟುವುದಿಲ್ಲ, ತೊಳೆದು ಪೂಜೆ ಮಾಡಿ ಇಡುತ್ತಾರೆ. ಇದೂ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಮಾವ ನನ್ನೊಬ್ಬಳನ್ನು ಬಿಟ್ಟು ಕಂಬ, ಬಾಗಿಲು, ತೊಲೆ ಎಲ್ಲವನ್ನೂ ನೋಡುತ್ತಿದ್ದ. ಡಬ್ಬಿ ಮುಗಿದರೆ ನಾನು ಹೊರಟುಹೋಗುತ್ತೇನೆಂದು ಎಂಟು ತಿಂಗಳು ಬೆಳ್ಳಿಗೆ ಚಾಣ ಹಚ್ಚದೆ ಕೂತಿದ್ದನಲ್ಲ, ಅದು ನನಗೆ ಆಗ ತಿಳಿಯಿತು. ಅಷ್ಟು ದಿನ ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ. ದುಃಖ ಒತ್ತಿ ಬಂದು ಹೊಸ ಸೊಸೆಯೆಂಬುದನ್ನೂ ಮರೆತು ಗಟ್ಟಿಯಾಗಿ ಅತ್ತುಬಿಟ್ಟೆ.

ಅಜ್ಜಿ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದಳು. ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಹೌದಪ್ಪ, ಈಗ ಕಾಣಸ್ತು. ಭಾಳ ತಪ್ಪೈತಿ. ತಿದ್ದಾಕಬೇಕು. ಅಮಾಸಿಗೇ ಬಾ, ಅದು ಚಲೋ ದಿನ. ಅವಸರ ಮಾಡಬ್ಯಾಡ, ಒಂದೊಂದ ಎಲಿ ತಿದ್ದು."

ಮಾವ ಬದುಕಿರುವತನಕ ತಪ್ಪದೆ ಬಂದ. ಅಜ್ಜಿ ಹೋದಳು, ನಿಜಾಮರ ರಾಜ್ಯ ಹೋಯಿತು, ಅವನ ಅಮಾವಾಸ್ಯೆ ತಪ್ಪಲಿಲ್ಲ. ಬಂದವನು ಡಬ್ಬಿ ತರಿಸಿ, ಪಡಸಾಲೆಯಲ್ಲಿ ಕೂತು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಇವತ್ತು ಬೆಳಕು ಸರಿ ಇಲ್ಲವ್ವಾ" ಎಂದು ಪಕ್ಕಕ್ಕಿಟ್ಟು, ನನ್ನ ಕೈಯಿಂದ ಎಲೆ ಅಡಿಕೆ ತಿಂದು, ನನ್ನ ಮಕ್ಕಳ ತಲೆ ಸವರಿ ಎದ್ದು ಹೋಗುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಒಂದು ಎಲೆಯನ್ನೂ ತಿದ್ದಲಿಲ್ಲ.