ಮೂವರು ಅಮೀನಸಾಬರು, ಒಂದು ಶಾಲು

ಇಳಕಲ್ಲಿನ ನೇಕಾರ ಅಮೀನಸಾಬರಿಗೆ ಹೊದಿಸಬೇಕಿದ್ದ ಶಾಲನ್ನು ನಾನು ಬಾಗಲಕೋಟೆಯ ಹೆಡ್‌ಮಾಸ್ತರ ಅಮೀನಸಾಬರಿಗೆ ಹೊದಿಸಿಬಿಟ್ಟೆ! ಅದೂ ಮುನ್ನೂರು ಜನರ ಎದುರಿಗೆ, ಮೈಕಿನಲ್ಲಿ, ಪ್ರಾಸಬದ್ಧವಾಗಿ!

ನಗುವವರು ಈಗಲೇ ನಕ್ಕುಬಿಡಿ. ಮುಂದೆ ನಗುವುದಕ್ಕೆ ಜಾಗ ಕಡಿಮೆ.

ಹೆಸರಿನ ವಿಷಯದಲ್ಲಿ ನಾನು ಎಡವುವವಳಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಯಾಕೆಂದರೆ ಒಂದೇ ಹೆಸರಿನ ಪೆಟ್ಟು ತಿಂದೇ ಬೆಳೆದವಳು ನಾನು. ಕಾನ್ವೆಂಟಿನಲ್ಲಿ ನಮ್ಮ ಕ್ಲಾಸಿಗೆ ನಾಲ್ವರು ಶೈಲಾ. ಸಿಸ್ಟರು ನಮಗೆ ನಂಬರು ಹಾಕಿದ್ದರು. ನಾನು ಶೈಲಾ ತ್ರೀ. ಶೈಲಾ ಟೂ ಸೀಟಿ ಹೊಡೆದರೆ ಬೆಂಚಿನ ಮೇಲೆ ನಿಲ್ಲುತ್ತಿದ್ದವಳು ನಾನು. ಶೈಲಾ ಫೋರ್ ಚಿತ್ರ ಬರೆದರೆ ಬಹುಮಾನ ಒಯ್ಯುತ್ತಿದ್ದವಳೂ ನಾನೇ. ಹೀಗೆ ಲೆಕ್ಕ ಸರಿಹೋಗುತ್ತಿತ್ತು.

ಈಗ ನಾನು ಇಳಕಲ್ಲಿನ ನಮ್ಮ ‘ಸಖಿ ಬಳಗ’ದ ಕಾರ್ಯದರ್ಶಿ. ಮುಖ್ಯವಾಗಿ ನಿರೂಪಕಿ. ಮೈಕು ಕೈಗೆ ಬಂದರೆ ನನ್ನ ನಾಲಿಗೆಗೆ ಗಾಲಿ ಬರುತ್ತದೆ. ಅಧ್ಯಕ್ಷರು ತಡವಾಗಿ ಬಂದರೆ ಒಂದು ಚಟಾಕಿ, ಬೇಗ ಎದ್ದರೆ ಇನ್ನೊಂದು. ಜನ ಸನ್ಮಾನ ನೋಡಲು ಬರುತ್ತಾರೋ, ನನ್ನ ಮಾತು ಕೇಳಲು ಬರುತ್ತಾರೋ ಎಂಬ ಅನುಮಾನ ಸನ್ಮಾನಿತರಿಗೇ ಬಂದದ್ದುಂಟು!

ಈ ಸಲದ ವಾರ್ಷಿಕೋತ್ಸವಕ್ಕೆ ಅಮೀನಸಾಬರ ಹೆಸರು ಹೇಳಿದವಳು ನಮ್ಮ ಬಳಗದ ಅರ್ಜು. ಅವಳ ಮನೆ ನೇಕಾರರ ಓಣಿಯಲ್ಲಿ.

“ಅಕ್ಕಾರ, ನಮ್ಮ ಬಾಜೂ ಮನಿ ಅಮೀನಸಾಬ ಚಾಚಾ ಹುಟ್ಟಿದಾಗಿಂದ ಮಗ್ಗದಾಗ ಅದಾರ. ಸೀರಿ ಮೈಗೆ ಸೆರಗಿನ ಕೊಂಡಿ ಹಾಕಿದ್ರ ಎಲ್ಲಿ ಜೋಡಿಸ್ಯಾರ ಅಂತ ಬೆರಳಿಗೂ ಗೊತ್ತಾಗೂದಿಲ್ಲ. ಇವತ್ತಿಗೂ ಒಬ್ರೂ ಕರದು ಒಂದು ಹೂವಿನ ಮಾಲಿ ಹಾಕಿಲ್ಲ.”

“ಹಾಕೋಣಂತ! ಅದಕ್ಯಾಕ ಕಣ್ಣಾಗ ನೀರು?”

“ಅವರ ಮನಿಯಾಕಿ ನರ್ಗೀಸಬಿ ಹಾಸಗಿ ಹಿಡದಾರ್ರಿ. ದವಾಖಾನ್ಯಾಗ ‘ಇನ್ನ ಮನಿಗೆ ಕರಕೊಂಡು ಹೋಗ್ರಿ’ ಅಂದಾರ. ಆಕೀದು ಒಂದ ಮಾತು. ‘ಇವರನ್ನ ಒಂದ್ಸಲ ಯಾರರೆ ಸ್ಟೇಜಿಗೆ ಕರೀಲಿ. ಕೇಳಿ ಹೋಗ್ತೇನಿ’ ಅಂತಾಳ.”

ಆ ಕ್ಷಣವೇ ನಾನು ಪ್ರತಿಜ್ಞೆ ಮಾಡಿದೆ. ಇಳಕಲ್ಲಿನ ಇತಿಹಾಸದಲ್ಲೇ ಇಂಥ ಸನ್ಮಾನ ಆಗಿರಬಾರದು! ಆಮೇಲೆ ನೋಡಿದರೆ ಪ್ರತಿಜ್ಞೆ ಅಕ್ಷರಶಃ ಈಡೇರಿತ್ತು.

ಅರ್ಜು ಮಾಡಬೇಕಾದದ್ದನ್ನು ಮಾಡಿದಳು. ಕಾರ್ಡು ಅಚ್ಚಾದ ದಿನವೇ ಚಾಚಾನ ಕೈಗೆ ಒಂದು ಪ್ರತಿ ಕೊಟ್ಟು, ಗೆಳತಿಯ ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೋದಳು. ನಾನು ಮಾಡಬೇಕಾದದ್ದು ಇಷ್ಟೇ. ಎರಡು ಓಣಿ ದಾಟಿ ಅವರ ಮನೆಗೆ ಹೋಗಿ ಅರಿಶಿನ-ಕುಂಕುಮಕ್ಕೆ ಕರೆದಂತೆ ಒಂದು ಆಮಂತ್ರಣದ ಮಾತು ಹೇಳಿ ಬರುವುದು. ಆದರೆ ಫೋನು ಎಂಬುದು ಯಾಕಿದೆ?

ಫೋನಿನಲ್ಲಿ ‘ಅಮೀನಸಾಬ’ ಎಂದು ಹುಡುಕಿದೆ. ಇಬ್ಬರು ಸಿಕ್ಕರು. ಬೆರಳು ಜಾರಿ ಮೊದಲು ‘ಅಮೀನಸಾಬ ಹುನಗುಂದ’ರಿಗೆ ಹತ್ತಿತು.

“ನಮಸ್ಕಾರ್ರಿ, ಬರೂ ರವಿವಾರ ನಿಮಗ ಸನ್ಮಾನ ಇಟ್ಟೇವಿ.”

“ಯಾವತ್ರಿ? ಐತವಾರ? ನಂದು ಡ್ಯೂಟಿ ಐತಲ್ರೀ!”

“ಮಗ್ಗಕ್ಕ ಒಂದಿನ ಸೂಟಿ ಕೊಡಾಕ ಬರೂದಿಲ್ಲೇನ್ರಿ?”

“ಮಗ್ಗಾ? ನಾ ಬಾದಾಮಿ ಡಿಪೋ ಡ್ರೈವರ್ರೀ! ಬಸ್ಸಿನ್ಯಾಗ ಬ್ಯಾಗು ಬಿಟ್ಟು ಹೋಗಿದ್ರೆಲ್ಲಾ, ಆ ಬಾಯಾರ ಅಲ್ಲೇನ ನೀವು?”

ಇಪ್ಪತ್ತೆಂಟು ವರ್ಷ ಒಂದು ಕೋಳಿಗೂ ತಾಗಿಸದೆ ಬಸ್ಸು ಓಡಿಸಿ ಪದಕ ಪಡೆದ ಮಹನೀಯರು ಅವರು. ಕ್ಷಮೆ ಕೇಳಿ ಫೋನಿಟ್ಟೆ. ಉಳಿದದ್ದು ‘ಅಮೀನಸಾಬ ಇಳಕಲ್ಲ’, ಯಾವುದೋ ಕಾರ್ಯಕ್ರಮದಲ್ಲಿ ಬರೆದುಕೊಂಡ ನಂಬರು, ಮುಖ ನೆನಪಿಲ್ಲ. ಇನ್ನೇನು ಬೇಕು! ಊರೂ ಕೂಡಿತು, ಹೆಸರೂ ಕೂಡಿತು.

ನಮ್ಮ ಕಡೆಯವರಿಗೆ ಇಲ್ಲಿಯೇ ನನ್ನ ತಪ್ಪು ಗೊತ್ತಾಗಿರುತ್ತದೆ. ನಮ್ಮಲ್ಲಿ ಅಡ್ಡಹೆಸರೆಂದರೆ ಊರಿನ ಹೆಸರು. ಆದರೆ ಊರು ಬಿಟ್ಟವನಿಗೆ ಮಾತ್ರ ಅದು ಅಂಟುತ್ತದೆ. ಇಳಕಲ್ಲಿನಲ್ಲೇ ಇರುವವನನ್ನು ಇಳಕಲ್ಲ ಎಂದು ಯಾರು ಕರೆದಾರು? ಬಾಗಲಕೋಟೆಗೆ ಹೋಗಿ ನೆಲೆಸಿದ ಹೆಡ್‌ಮಾಸ್ತರರು ಇಳಕಲ್ಲ ಆದರು. ಬಾದಾಮಿಯಿಂದ ಇಳಕಲ್ಲಿಗೆ ಬಂದ ನಮ್ಮ ನೇಕಾರ ಅಮೀನಸಾಬರು ಬಾದಾಮಿ ಆದರು. ನನ್ನ ಗಂಡ ಸುನೀಲಕುಮಾರರ ಅಡ್ಡಹೆಸರೇ ಬಾಗಲಕೋಟಿ. ಅವರು ಹುಟ್ಟಿದ್ದು ಇಲ್ಲಿ, ವಕೀಲಿ ಮಾಡುವುದು ಹುನಗುಂದದಲ್ಲಿ! ದಿನಾ ಇದನ್ನು ಮನೆಯ ಬಾಗಿಲ ಮೇಲೆ ಓದುವ ನಾನು ಫೋನಿನಲ್ಲಿ ಮರೆತೆ.

ಹೆಡ್‌ಮಾಸ್ತರರು ಮೊದಲ ರಿಂಗಿಗೇ ಎತ್ತಿದರು. ನಿವೃತ್ತರಾಗಿ ಹತ್ತು ವರ್ಷ. ಗಣಿತದಲ್ಲಿ ಜಿಲ್ಲೆಗೇ ಹೆಸರಾದವರು. “ಸನ್ಮಾನ” ಎಂದೆ. “ಬರ್ತೇನಿ” ಎಂದರು. ಯಾಕೆ ಎಂದು ಕೇಳಲಿಲ್ಲ. ಸನ್ಮಾನವನ್ನು ಯಾಕೆ ಎಂದು ಕೇಳುವವರು ಇನ್ನೂ ಹುಟ್ಟಬೇಕು.

ಕಾರ್ಯಕ್ರಮದ ದಿನ ನನ್ನದು ಎಂಥ ರಂಗು! “ನೂಲಿಗೆ ನಾಲಿಗೆ ಕೊಟ್ಟವರು! ದಾರವನ್ನೇ ಆಧಾರ ಮಾಡಿಕೊಂಡವರು! ಅಮೀನಸಾಬ ಅವರು ವೇದಿಕೆಗೆ ಬರಬೇಕು!” ಮುಂದಿನ ಸಾಲಿನಿಂದ ಹೆಡ್‌ಮಾಸ್ತರರು ಎದ್ದು ಬಂದು ಕೂತರು. ಪೇಟ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ನಾನು ಮಗ್ಗದ ಬಗ್ಗೆ ಬರೆದ ಒಂದೂವರೆ ಪುಟವನ್ನು ಉಸಿರು ಬಿಡದೆ ಓದಿದೆ.

ಹೆಡ್‌ಮಾಸ್ತರರು ಒಂದು ಕ್ಷಣ ಗಲಿಬಿಲಿಯಾದರು. ಒಂದೇ ಕ್ಷಣ. ಆಮೇಲೆ ಮೈಕು ಹಿಡಿದು, “ಹೌದು! ಒಂದು ಅರ್ಥದಲ್ಲಿ ನಾನೂ ನೇಕಾರನೇ! ಮಕ್ಕಳ ಬದುಕನ್ನು ನೇಯ್ದವನು! ಅವರ ಬಾಳಿನಲ್ಲಿ ಹಾಸುಹೊಕ್ಕಾದವನು!” ಎಂದರು. ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಎಲ್ಲರಿಗಿಂತ ಜೋರಾಗಿ ಹೊಡೆದವಳು ನಾನು.

ಮೂರು ದಿನದ ಮೇಲೆ ಅರ್ಜು ಮದುವೆ ಮುಗಿಸಿ ಬಂದಳು.

“ಚಾಚಾನ ಸನ್ಮಾನ ಹೆಂಗಾತ್ರಿ ಅಕ್ಕಾರ?”

“ಭರ್ಜರಿ! ನೋಡಿಲ್ಲಿ.” ಫೋಟೋ ತೋರಿಸಿದೆ.

ಅರ್ಜು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು. ಸಣ್ಣದು ಮಾಡಿದಳು. ಮತ್ತೆ ದೊಡ್ಡದು ಮಾಡಿದಳು. ಎಷ್ಟು ದೊಡ್ಡದು ಮಾಡಿದರೂ ಅದು ಅವಳ ಚಾಚಾ ಆಗಲಿಲ್ಲ.

“ಇವರ್ಯಾರ್ರಿ?”

“ಅಮೀನಸಾಬರು.”

“ಯಾವ ಅಮೀನಸಾಬರು?”

ನನ್ನ ಕಾಲ ಕೆಳಗಿನ ಇಳಕಲ್ಲಿನ ಕೆಂಪು ಗ್ರಾನೈಟು ಒಂದು ಗೇಣು ಕೆಳಗೆ ಇಳಿದಂತಾಯಿತು.

“ಹಂಗಾರ ಚಾಚಾ?” ಅರ್ಜುವಿನ ಧ್ವನಿ ಸಣ್ಣದಾಗಿತ್ತು. “ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಕಾರ್ಡ ಕಿಸೇದಾಗ ಇಟಗೊಂಡು ಹೋಗಿದ್ರಂತ, ನಮ್ಮ ಅಬ್ಬಾ ನೋಡ್ಯಾರ. ಅಯ್ಯ ಅಕ್ಕಾರ, ಆ ನರ್ಗೀಸಬಿಗೆ ನಾ ಯಾವ ಮುಖ ತೋರಸ್ಲಿ?”

ಆ ದಿನ ಸಂಜೆ ಮನೆಯಲ್ಲಿ ಅಡುಗೆಯಾಗಲಿಲ್ಲ. ಗಂಡ ಬಂದಾಗ ನಾನು ಕ್ಷಮಾಪಣೆಯ ಎರಡನೇ ಪುಟ ಬರೆಯುತ್ತಿದ್ದೆ.

“ಕ್ಷಮಾ ಕೇಳಾಕ ಹೊಂಟೀಯೋ, ಭಾಷಣಾ ಮಾಡಾಕೋ?” ಎಂದರು ಸುನೀಲಕುಮಾರ.

“ಶಾಲು ತಂದು ಕೊಡಬೇಕ್ರಿ. ಅದು ಅವರದು.”

“ಹೊದಸಿದ ಶಾಲು ವಾಪಸ್ ಕೇಳಿದ್ದು ನಾ ಮೂವತ್ತು ವರ್ಷದ ವಕೀಲಿಕಿಯೊಳಗ ಕಂಡಿಲ್ಲ. ನಡಿ, ನೋಡೋಣು.”

ಮರುದಿನ ಬೆಳಿಗ್ಗೆಯೇ ಬಾಗಲಕೋಟೆಯ ನವನಗರಕ್ಕೆ ಹೋದೆವು. ಹೆಡ್‌ಮಾಸ್ತರರು ಎಲ್ಲವನ್ನೂ ಕೇಳಿ, ಒಂದು ಕಪಾಟು ತೆರೆದರು. ಒಳಗೆ ಶಾಲುಗಳ ಸಾಲು! ಮೇಲಿನಿಂದ ಕೆಳಗಿನವರೆಗೆ, ಎಲ್ಲವೂ ಅದೇ ಕೆಂಪು, ಅದೇ ಜರಿ ಅಂಚು.

“ಇದರಾಗ ನಿಮ್ಮದ್ಯಾವುದು, ನೀವ ಆರಿಸ್ಕೋರಿ.”

ಹುಡುಕಿದೆವು. ಸನ್ಮಾನದ ಶಾಲುಗಳಿಗೆಲ್ಲ ಒಂದೇ ತಾಯಿ ಎಂದು ಅವತ್ತು ಗೊತ್ತಾಯಿತು. ಕೊನೆಗೆ ಮಡಿಕೆ ಮುರಿಯದ ಒಂದನ್ನು ತೆಗೆದುಕೊಂಡೆ. ನೆನಪಿನ ಕಾಣಿಕೆಯನ್ನೂ ಅವರೇ ಒರೆಸಿ ಕೊಟ್ಟರು.

“ಮಗ್ಗ ಅಂದಾಗ ನಿಮಗ ಸಂಶಯ ಬರಲಿಲ್ಲೇನ್ರಿ ಸರ್?” ಕೇಳಿಯೇಬಿಟ್ಟೆ.

“ಬಂತವ್ವಾ. ಆದರ ಅಷ್ಟೊತ್ತಿಗೆ ಪೇಟಾ ಸುತ್ತಿದ್ರಿ. ತಲಿಗೆ ಪೇಟಾ ಬಂದ ಮ್ಯಾಲ ಮನಷ್ಯಾಗ ಕಿವಿ ಸರಿಯಾಗಿ ಕೇಳೂದಿಲ್ಲ.” ಅವರು ಕಪಾಟು ಮುಚ್ಚಿದರು. “ಅವರಿಗೆ ನನ್ನ ಸಲಾಂ ಹೇಳ್ರಿ. ನಾನ ಬರ್ತಿದ್ದೆ. ನಾಚಿಕಿ ಆಗ್ತೈತಿ.”

ಮಧ್ಯಾಹ್ನ ಇಳಕಲ್ಲಿಗೆ ಬಂದು, ಹಣ್ಣು ಕೊಂಡು, ನೇಕಾರರ ಓಣಿ ಹೊಕ್ಕೆವು. ಬಾಗಿಲಲ್ಲಿ ಬಿಳಿ ಟೊಪ್ಪಿಗೆಯ ಸಣಕಲು ಮುದುಕರೊಬ್ಬರು ನಿಂತಿದ್ದರು. ಹಿಂದೆ ಮಗ್ಗ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ನಾನು ಎರಡು ಪುಟ ಬಿಚ್ಚಿದೆ.

“ಅಜ್ಜಾರ, ನಮ್ಮ ಕಡಿಂದ ಒಂದು ದೊಡ್ಡ ತ...”

“ಬರ್ರಿ ಅಕ್ಕಾರ, ಬರ್ರಿ!” ಮುದುಕರು ನನ್ನ ಮಾತಿನ ಮೇಲೆ ಹಾರಿಬಿದ್ದರು. “ಮೊನ್ನೆ ಎಷ್ಟ ಛಲೋ ಸನ್ಮಾನ ಮಾಡಿದ್ರಿ ನನಗ! ನರ್ಗೀಸ, ಬಳಗದ ಅಕ್ಕಾರು ಬಂದಾರ ನೋಡು!”

ಅವರ ಧ್ವನಿ ಹಬ್ಬ ಮಾಡುತ್ತಿತ್ತು. ಕಣ್ಣು ಕೈ ಮುಗಿಯುತ್ತಿದ್ದವು.

ಒಳಗೆ ಮಂಚದ ಮೇಲೆ ನರ್ಗೀಸಬಿ. ಆ ದೇಹದಲ್ಲಿ ಉಳಿದದ್ದು ಕಣ್ಣು ಮತ್ತು ಕೈ ಮಾತ್ರ. ಎದೆಯವರೆಗೆ ಒಂದು ಕೆಂಪು ಶಾಲು ಹೊದಿಸಿತ್ತು, ಜರಿ ಅಂಚಿನದು. ಕುರ್ಚಿ ಸರಿಸುವ ನೆಪದಲ್ಲಿ ಮುದುಕರು ನನ್ನ ಗಂಡನ ಕಿವಿಯಲ್ಲಿ, “ನಮ್ಮ ದೋಸ್ತ ಮುಕ್ತಾರಂದ್ರೀ ಅದು. ಹೋದ ವರ್ಷ ಅವಗ ಹಾಕಿದ್ರು. ಇಸಗೊಂಡು ಬಂದೇನಿ” ಎಂದರು.

ನಾನು ಎರಡು ಪುಟಗಳನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡೆ. ಕ್ಷಮೆ ಕೇಳಿದರೆ ಆ ಶಾಲು ಆಕೆಯ ಮೈಮೇಲಿಂದ ಜಾರಿಬಿಡುತ್ತಿತ್ತು.

“ದಿನಾ ಕೇಳ್ತೇನ್ರಿ, ದಿನಾ ಹೇಳ್ತಾರ” ಎಂದರು ನರ್ಗೀಸಬಿ. “ಪೇಟಾ ಸುತ್ತಿದ್ರಂತ. ಭಾಷಣಾನೂ ಮಾಡಿದ್ರಂತ! ಮನ್ಯಾಗ ಉಪ್ಪಿಲ್ಲ ಅನ್ನಾಕ ಸುದ್ದಾ ಬಾಯಿ ತೆರೀದ ಮನಷ್ಯಾ!”

“ಹೌದ್ರಿ. ಭಾಳ ಛಲೋ ಮಾತಾಡಿದ್ರು.”

“‘ಮಕ್ಕಳ ಬದುಕ ನೇಯ್ದೇನಿ’ ಅಂದ್ರಂತ.” ಆಕೆ ನನ್ನ ಕಡೆ ತಿರುಗಿದರು. “ನಮಗ ಮಕ್ಕಳಿಲ್ಲಲ್ರೀ ಅಕ್ಕಾರ. ಹಂಗ್ಯಾಕ ಅಂದಿದ್ದಾರು ಇವರು?”

ಮೂವತ್ತು ವರ್ಷ ಮೈಕು ಹಿಡಿದ ನನ್ನ ನಾಲಿಗೆಯ ಗಾಲಿ ಅಲ್ಲಿ ಪಂಕ್ಚರಾಯಿತು. ಮುದುಕರು ಮಗ್ಗದ ಕಡೆ ನೋಡುತ್ತ ನಿಂತಿದ್ದರು. ಉಳಿಸಿದವರು ನನ್ನ ಗಂಡ.

“ಇವರು ನೇಯ್ದ ಸೀರ್ಯಾಗ ಎಷ್ಟ ಮಕ್ಕಳನ್ನ ಸುತ್ತಿ ತೊಟ್ಲಿಗೆ ಹಾಕಿಲ್ರಿ! ನಮ್ಮ ಮಗಳನ್ನೂ ಹಂಗ ಹಾಕಿದ್ವಿ. ಅದನ್ನ ಅಂದಿರಬೇಕವರು” ಎಂದರು ವಕೀಲರು. ಅವರು ವಕೀಲಿಕೆಯಲ್ಲಿ ಗೆದ್ದ ಅತ್ಯಂತ ದೊಡ್ಡ ಕೇಸು ಅದು.

ನರ್ಗೀಸಬಿ ಬಹಳ ಹೊತ್ತು ಗಂಡನನ್ನೇ ನೋಡಿದರು. “ಎಷ್ಟ ಶ್ಯಾಣ್ಯಾ ಆಗ್ಯಾರ ಈಗ” ಎಂದರು.

ಚೀಲದಲ್ಲಿದ್ದ ನಮ್ಮ ಶಾಲನ್ನು ಏನು ಮಾಡುವುದು? ಸನ್ಮಾನ ಆಗಿಹೋದವರಿಗೆ ಮತ್ತೆ ಸನ್ಮಾನ ಮಾಡುವುದು ಹೇಗೆ? ಹಣ್ಣು, ಕಾಣಿಕೆಗಳನ್ನು ಮಗ್ಗದ ಬದಿಗಿಟ್ಟು, ನಾನು ಶಾಲನ್ನು ಬಿಚ್ಚಿ ಮಂಚದ ಹತ್ತಿರ ಹೋದೆ.

“ಇದು ನಿಮಗ್ರಿ, ನರ್ಗೀಸಬಿ ಅವರಿಗೆ. ಅವತ್ತ ಕೊಡೂದು ಉಳಕೊಂಡಿತ್ತು. ಇವರು ನೇಯ್ದ ಸೀರಿಗೆಲ್ಲಾ ನೂಲಿನ ಕಂಡಿಕಿ ಸುತ್ತಿ ಕೊಟ್ಟವರು ನೀವು.”

“ನನಗ್ಯಾಕ್ರಿ? ಕಂಡಿಕಿ ಸುತ್ತೂದಕ್ಕ ಯಾರರೆ ಶಾಲು ಹಾಕ್ತಾರೇನ್ರಿ?” ಎಂದರಾದರೂ ಆಕೆಯ ಕೈ ಜರಿ ಅಂಚಿನ ಎಳೆಗಳನ್ನು ಆಗಲೇ ಎಣಿಸುತ್ತಿತ್ತು. “ಹಂಗಾರ ಒಂದು ಕೆಲಸಾ ಮಾಡ್ರಿ. ಅವತ್ತ ಇವರ ಬಗ್ಗೆ ಸ್ಟೇಜಿನ್ಯಾಗ ಅಂದಿದ್ರಲ್ಲಾ, ಅದನ್ನ ಒಂದ್ಸಲ ಅನ್ರಿ. ಇವರು ಹೇಳಿದ್ದು ಕೇಳಿ ಸಾಕಾಗೇತಿ. ನಿಮ್ಮ ಬಾಯಾಗ ಕೇಳಬೇಕು.”

ನೂಲಿಗೆ ನಾಲಿಗೆ, ದಾರಕ್ಕೆ ಆಧಾರ ಎಲ್ಲವೂ ನೆನಪಿಗೆ ಬಂದವು. ಆ ಮಂಚದ ಮುಂದೆ ಒಂದಾದರೂ ನಿಲ್ಲಲಿಲ್ಲ.

“ಇವರು ಅಮೀನಸಾಬ ಬಾದಾಮಿ” ಎಂದೆ. “ಇಳಕಲ್ಲಿನವರು. ಐವತ್ತು ವರ್ಷದಿಂದ ಸೀರಿ ನೇಯ್ತಾರ.”

“ಐವತ್ತೆರಡು” ಎಂದರು ನರ್ಗೀಸಬಿ.

“ಐವತ್ತೆರಡು.”

ಗಂಡ ಒಬ್ಬರೇ ಚಪ್ಪಾಳೆ ಹೊಡೆದರು. ನರ್ಗೀಸಬಿ ಎರಡೂ ಕೈ ಎತ್ತಲು ನೋಡಿ, ಒಂದನ್ನೇ ಎತ್ತಿ ಮಂಚದ ಪಟ್ಟಿಗೆ ಮೆಲ್ಲಗೆ ಬಡಿದರು.

ಹೊರಡುವಾಗ ಮುದುಕರು ಓಣಿಯ ತಿರುವಿನವರೆಗೂ ಬಂದರು. ಇಲ್ಲಿನ ಮಾತು ಒಳಗಿನವರಿಗೆ ಕೇಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ನಾನು ಅವರ ಕಾಲು ಮುಟ್ಟಿದೆ. ಅವರು ಸರಕ್ಕನೆ ಹಿಂದೆ ಸರಿದರು.

“ಬಿಡ್ರಿ ಅಕ್ಕಾರ. ನೀವು ಬಂದ್ರಿ, ಆಕಿ ನಕ್ಕಳು. ನನಗಷ್ಟ ಸಾಕು.”

ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ತಪ್ಪಿನಲ್ಲಿ ಒಂದು ಎಳೆಯಷ್ಟಾದರೂ ಅವರದೂ ಇದ್ದರೆ ನನ್ನ ಭಾರ ಕಡಿಮೆಯಾದೀತು ಎಂಬ ಆಸೆ.

“ಅಜ್ಜಾರ, ಅವತ್ತ ನಿಮ್ಮ ಹೆಸರು ಕರದಾಗ ನೀವು ಎದ್ದು ಬಂದುಬಿಡಬೇಕಾಗಿತ್ತು. ಯಾಕ ಸುಮ್ಮನ ಕೂತ್ರಿ?”

“ಎಲ್ಲಿ ಸುಮ್ಮನ ಕೂತ್ನಿರಿ?” ಎಂದರು ಅಮೀನಸಾಬರು. ಮಾತಿನಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. “ಸ್ಟೇಜಿನ ಮೆಟ್ಟಲತನಾ ಬಂದಿದ್ನೆಲ್ರೀ! ನೀವ ಮೈಕಿನ್ಯಾಗ, ‘ಯಜಮಾನ್ರ, ಊಟಾ ಇನ್ನೂ ತಡಾ ಐತಿ, ಹೋಗಿ ಕೂಡ್ರಿ’ ಅಂದ್ರಿ. ಎಲ್ಲಾರೂ ಎಷ್ಟ ನಕ್ರು! ಛಲೋ ಮಾತಾಡ್ತೀರಿ ಬಿಡ್ರಿ ನೀವು.”