ಕುಂಡದಲ್ಲಿ ಜೇಕು

ಭತ್ತ ಕದ್ದವನನ್ನು ಕಳ್ಳ ಎನ್ನುತ್ತಾರೆ. ಕಳೆ ಕದ್ದವನನ್ನು ಏನೆನ್ನಬೇಕು? ನಮ್ಮ ದೊಡ್ಡಪ್ಪನ ವಿಷಯದಲ್ಲಿ ಭೇರ್ಯದ ಸುತ್ತಮುತ್ತ ಯಾರಿಗೂ ಇದು ಬಗೆಹರಿದಿರಲಿಲ್ಲ.

ನಾಲೆ ನೀರಿನ ನಮ್ಮೂರಿನಲ್ಲಿ ಜೇಕು ಎಂದರೆ ಗದ್ದೆಗೆ ಬಂದ ರೋಗ. ಮೂರು ಅಂಚಿನ ದಂಟು, ತಲೆಯ ಮೇಲೊಂದು ಕಂದು ತುರಾಯಿ. ಒಂದು ಬುಡ ಉಳಿದರೂ ಮುಂದಿನ ವರ್ಷ ಭತ್ತವನ್ನು ಹುಡುಕಬೇಕು. ಹೆಂಗಸರು ಕಿತ್ತು ಬದುವಿಗೆಸೆದ ಈ ಜೇಕನ್ನು ದೊಡ್ಡಪ್ಪ ಆರಿಸಿ, ಒದ್ದೆ ಗೋಣಿಯಲ್ಲಿ ಮಗುವಿನಂತೆ ಸುತ್ತಿ ಮನೆಗೆ ತಂದರು. ಕುಂಡಗಳಲ್ಲಿ ನೆಟ್ಟು, ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಸಾಲಾಗಿಟ್ಟರು. ಕುಂಡಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬೇರೆ!

ಕಳೆ ಕೀಳಲು ಹೊರಟಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. "ಗುಲಾಬಿ ಇಕ್ಕಬಾರ್ದಾ ಗೌಡ್ರೆ?"

"ಗುಲಾಬಿ ಬಲೇ ನಾಜೂಕು ಕಣವ್ವ. ಇದಾದ್ರೆ ಕರೆದ್ರೆ ಬತ್ತದೆ."

"ಕರೀದೇನೇ ಬತ್ತದಲ್ಲ, ಅದ್ಕೇ ಅಲ್ವಾ ನಾವು ಸೊಂಟ ಮುರ್ಕೊಳೋದು?"

ಊರು ನಕ್ಕು ಸುಮ್ಮನಾಯಿತು. ನಮ್ಮಪ್ಪ ನಗಲಿಲ್ಲ. ಅಣ್ಣತಮ್ಮಂದಿರ ಗದ್ದೆಗಳ ನಡುವೆ ಇರುವುದು ಒಂದೇ ಬದು, ಆ ಬದುವಿನ ಜಗಳ ಇನ್ನೂ ಆರಿರಲಿಲ್ಲ. ಸಾಲದ್ದಕ್ಕೆ ಅಪ್ಪ ಆ ವರ್ಷ ಹೊಸದಾಗಿ ಬಂದಿದ್ದ ಐ.ಆರ್. ಎಂಟು ಭತ್ತ ಹಾಕಿದ್ದರು. "ಬೀಜ ಕಟ್ಸಿ ನಮ್ ಗದ್ದೆಗೆ ಚೆಲ್ಲಾಕೆ ನೋಡ್ತಾವ್ನೆ" ಎಂದು ಹಲ್ಲು ಕಡಿದು, ದಿನಚರಿ ಬರೆಯುವ ಹುಚ್ಚಿನ ನನ್ನ ಕಡೆ ತಿರುಗಿದರು. "ಎಂಗೂ ಬರೀತೀಯಲ್ಲ, ಅವ್ನದ್ದೂ ಬರ್ಕೊ."

ಬರೆದೆ. ಸೋಮವಾರ: ಕುಂಡಕ್ಕೊಂದು ಚೊಂಬು ನೀರು. ಮಂಗಳವಾರ: ಬೆರಳಿಟ್ಟು ಕೆಸರು ಹದ ನೋಡಿದರು. ಬುಧವಾರ: ತುರಾಯಿಗಳನ್ನೆಲ್ಲ ಕತ್ತರಿಸಿ ಪಂಚೆಯ ಮಡಿಲಿಗೆ ಹಾಕಿಕೊಂಡರು (ಬೀಜಕ್ಕೋ?). ಗುರುವಾರ: ತುರಾಯಿಗಳು ಹಂಡೆಯ ಒಲೆಗೆ ಹೋದವು (ನಮ್ಮ ಕಣ್ಣಿಗೆ ಮಣ್ಣೆರಚಲೋ?). ಶುಕ್ರವಾರ: ಮೂರು ಕುಂಡ ಖಾಲಿ.

ಖಾಲಿ ಎಂದರೆ? ಅಪ್ಪ ನೆಟ್ಟಗೆ ಹೋಗಿ ಕೇಳಿದರು. "ಎಲ್ಲಿಗೋಯ್ತಣ್ಣ ಜೇಕು?"

"ಖರ್ಚಾಯ್ತು" ಎಂದರು ದೊಡ್ಡಪ್ಪ.

ಜೇಕು ಹೇಗೆ ಖರ್ಚಾಗುತ್ತದೆ? ಸಾರು ಮಾಡುತ್ತಾರೆಯೇ? ಅಂದಿನಿಂದ ನಮ್ಮ ಗದ್ದೆಯಲ್ಲಿ ಎದ್ದ ಜೇಕೆಲ್ಲ ದೊಡ್ಡಪ್ಪನ ಮುಖದಂತೆಯೇ ಕಾಣತೊಡಗಿತು. ಮುಂದಿನ ಶುಕ್ರವಾರ ಮತ್ತೆ ಕೆಲವು ಕುಂಡಗಳು ಬರಿದಾದವು. ಅಪ್ಪ ಗುದ್ದಲಿ ಹೆಗಲಿಗೇರಿಸಿದರು. "ಇವತ್ತು ಒಂದು ಕುಂಡನೂ ಉಳ್ಸಾಕಿಲ್ಲ."

ನಾನೂ ಹಿಂದೆಯೇ ಓಡಿದೆ. ದೊಡ್ಡಪ್ಪನ ಜಗಲಿಯಲ್ಲಿ ಯಾರೂ ಇರಲಿಲ್ಲ. ಹಿತ್ತಿಲಲ್ಲಿ ಮಾತು ಕೇಳಿಸಿತು. ಹೋಗಿ ನೋಡಿದರೆ, ಮಣೆಯ ಮೇಲೆ ದೊಡ್ಡವ್ವ. ಒಂದು ಕಾಲದಲ್ಲಿ ಕಳೆ ಕೀಳುವ ಸಾಲಿನಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದವರು. ಹೋದ ವರ್ಷ ಕಾಲಿನ ಸ್ವಾಧೀನ ತಪ್ಪಿದ ಮೇಲೆ ಗದ್ದೆಯ ಮುಖ ನೋಡಿರಲಿಲ್ಲ. ಮುಂದೆ ಜೇಕಿನ ಕುಂಡ. ಬುಡಕ್ಕೆ ಹೆಬ್ಬೆರಳೊತ್ತಿ, ಸಣ್ಣಗೆ ತಿರುವಿ ಎಳೆದರು. ಕೆಸರು ಒದರಿ, ಪಕ್ಕದ ಕುಪ್ಪೆಗೆ ಹಾಕಿದರು. ದೊಡ್ಡಪ್ಪ ಇನ್ನೊಂದು ಕುಂಡವನ್ನು ಅವರ ಮುಂದೆ ಸರಿಸುತ್ತಿದ್ದರು.

"ಬಾಪ್ಪಾ" ಎಂದರು ದೊಡ್ಡವ್ವ, ಅಪ್ಪನಿಗೆ. "ನೋಡು, ಒಂದು ಬೇರೂ ತುಂಡಾಗಿಲ್ಲ."

ದೊಡ್ಡಪ್ಪ ತಮ್ಮನ ಮುಖ ನೋಡದೆ ಹೇಳಿದರು: "ಕೈ ಸುಮ್ಕಿರಾಕಿಲ್ಲ ಕಣ್ಲಾ ಇವ್ಳಿಗೆ. ಕಂಬ್ಳಿ ನೂಲೆಲ್ಲ ಕಿತ್ತಾಕ್ಬುಟ್ಟಿದ್ಲು."

ಅಪ್ಪ ಗುದ್ದಲಿಯನ್ನು ಹೆಗಲಿಂದಿಳಿಸಿ ಮನೆಗೆ ಬಂದರು. ಮರುದಿನ ಬೆಳಗ್ಗೆ ಗದ್ದೆಗೆ ಹೋದವರು ತೋಳಿನ ತುಂಬ ಕೆಸರು ಮಾಡಿಕೊಂಡು ನೇರ ದೊಡ್ಡಪ್ಪನ ಹಿತ್ತಿಲಿಗೆ ನಡೆದರು. ಮಣ್ಣು ಸಮೇತ ಅಗೆದು ತಂದ ದಪ್ಪನೆಯ ಜೇಕಿನ ಬುಡವೊಂದನ್ನು ಖಾಲಿ ಕುಂಡಕ್ಕಿಟ್ಟು ಅದುಮಿದರು.

"ಅಣ್ಣ ಸಾಕಿರೋದು ಮೆತ್ತಗಾಗೈತೆ ಅತ್ಗೆ. ಇದು ನಮ್ ಗದ್ದೇದು. ಎಳೀರಿ ನೋಡವ."

ದೊಡ್ಡವ್ವ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡರು.